ದಿನ ಗೊತ್ತಿಲ್ಲದ ಸೂತಕ

ಮೊನ್ನೆ ಕಾರ್ಕಳದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಬ್ಯಾಗು ಕುರ್ಚಿಯಿಂದ ಕೆಳಗೆ ಬಿತ್ತು. ಅದೇನು ದೊಡ್ಡ ಸಂಗತಿಯಲ್ಲ. ನಾನು ತುಂಬಿಸುವ ಸಾಮಾನಿಗೆ ಅದು ಬೀಳದೆ ನಿಂತರೇ ಆಶ್ಚರ್ಯ. ಆದರೆ ಈ ಸಲ ಒಳಗಿದ್ದ ಸಣ್ಣ ಬಾಟಲಿಯೊಂದರ ಮುಚ್ಚಳ ಸಡಿಲಾಗಿ, ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರಿನ ವಾಸನೆ ಕೋಣೆ ತುಂಬ ಹರಡಿತು. ಪಕ್ಕದಲ್ಲಿದ್ದ ಹಿಂದಿ ಟೀಚರು ಮೂಗಿಗೆ ಸೆರಗು ಹಿಡಿದು, ಕೊರೋನ ಹೋಗಿ ಎಷ್ಟು ಕಾಲವಾಯಿತು, ನೀವಿನ್ನೂ ಇದನ್ನು ಹೊತ್ತು ತಿರುಗುತ್ತೀರಲ್ಲ ಎಂದು ತಮಾಷೆ ಮಾಡಿದರು. ಇದು ಕೊರೋನದ್ದಲ್ಲ ಎಂದೆ. ಮತ್ತೆ ಯಾವುದರದ್ದು ಎಂದು ಕೇಳಿದರು. ನಗುತ್ತಾ ನೆಲ ಒರೆಸಿದೆ.

ಆ ಬಾಟಲಿಯ ಕತ್ತಿಗೆ ನೀಲಿ ನೈಲಾನ್ ದಾರವೊಂದು ಕಟ್ಟಿದೆ. ಬಲೆ ಹೆಣೆಯುವ ದಾರ. ಅದರ ಗಂಟನ್ನು ಎಳೆದರೆ ಬಿಗಿಯಾಗುತ್ತದೆ, ಬಿಡಿಸಲು ಹೋದರೆ ಉಗುರು ಹೋಗುತ್ತದೆ. ಕಟ್ಟಿದವರು ನನ್ನ ಮಾವ. ನಿಮಗೆ ಅವರ ಕಥೆ ಹೇಳಬೇಕು. ಹೇಳಿದ ಮೇಲೆ ಹಿಂದಿ ಟೀಚರಿಗೆ ಎಂತ ಉತ್ತರ ಕೊಡಬೇಕಿತ್ತು ಎಂದು ನೀವಾದರೂ ತಿಳಿಸಿದರೆ ಉಪಕಾರ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಕಾಪುವಿನಲ್ಲಿ ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿರುವ ನಮ್ಮ ಮನೆಗೆ ಅವರೇ ಹಿರಿಯರು. ಮದುವೆಯಾಗಿರಲಿಲ್ಲ. ಏಕೆಂದು ಕೇಳಿದರೆ ಪುರುಸೊತ್ತು ಸಿಗಲಿಲ್ಲ ಎನ್ನುತ್ತಿದ್ದರು. ಅದು ಅರ್ಧ ನಿಜವೇ. ಬಹಳ ವರ್ಷ ಮಲ್ಪೆಯ ದೋಣಿಗಳಲ್ಲಿ ತಾಂಡೇಲರಾಗಿದ್ದರು. ತಾಂಡೇಲ ದೋಣಿಯ ಯಜಮಾನನಲ್ಲ. ಆದರೆ ಕಡಲಿಗೆ ಇಳಿದ ಮೇಲೆ ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು, ಯಾವಾಗ ಎಲ್ಲ ಬಿಟ್ಟು ದಡಕ್ಕೆ ಮುಖ ಮಾಡಬೇಕು ಎಂದು ಹೇಳುವವನು ಅವನೇ. ಈ ಕೆಲಸದಿಂದಾಗಿ ಮಾವನಿಗೆ ಒಂದು ಸ್ವಭಾವ ಅಂಟಿಕೊಂಡಿತ್ತು: 'ಗೊತ್ತಿಲ್ಲ' ಎನ್ನುವ ಉತ್ತರ ಅವರಿಗೆ ಆಗುತ್ತಿರಲಿಲ್ಲ. ನಾವು ಚಿಕ್ಕವರಿದ್ದಾಗ ಅಂಗಡಿಯಲ್ಲಿ ಸಕ್ಕರೆ ಉಂಟಾ ನೋಡಿ ಬಾ ಎಂದು ಕಳಿಸಿ, ನಾವು ಬಂದು ಗೊತ್ತಿಲ್ಲ, ಬಾಗಿಲು ಹಾಕಿತ್ತು ಎಂದರೆ, "ಗೊತ್ತಿಲ್ಲ ಅಂದರೆ ಎಂತ? ಬಲೆ ಬಿಡಬೇಕಾ, ಬಿಡಬಾರದಾ?" ಎಂದು ಗದರುತ್ತಿದ್ದರು. ಸಕ್ಕರೆಗೂ ಬಲೆಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ನಮಗಿರಲಿಲ್ಲ.

ನನಗೂ ತಂಗಿ ಸುಮನಾಗೂ ಅಣ್ಣತಮ್ಮಂದಿರಿಲ್ಲ. ನಮ್ಮ ಕಡೆ ಹುಟ್ಟಿದ ಮಗುವಿಗೆ ಸೊಂಟದ ನೂಲು ಕಟ್ಟಿ ತೊಟ್ಟಿಲಿಗೆ ಹಾಕುವುದು ಸೋದರಮಾವನ ಕೆಲಸ. ನನ್ನ ಮಗನಿಗೆ ಅಂಥವನೊಬ್ಬ ಇಲ್ಲದ್ದರಿಂದ ನಮ್ಮ ಮಾವನೇ ಆ ಜಾಗದಲ್ಲಿ ನಿಂತಿದ್ದರು. ನಮ್ಮಿಬ್ಬರನ್ನು ತೊಟ್ಟಿಲಿಗೆ ಹಾಕಿದ ಕೈಗಳೇ ನನ್ನ ಮಗನನ್ನೂ ಹಾಕಿದವು. ಸುಮನಾ ಬಸುರಾದಾಗ ಮಾವ ಬಹಳ ಸಂತೋಷಪಟ್ಟರು. ಅವಳಿಗೆ ಮಗುವಾಗಲು ತಡವಾಗಿತ್ತು. ಹಳೆಯ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ಅದರ ಹಗ್ಗ ತೆಗೆದು ಹೊಸ ಹಗ್ಗ ಹೆಣೆದು ಹಾಕಿದ್ದು ಅವರೇ.

ಆ ಮಳೆಗಾಲದಲ್ಲಿಯೇ ಮಾವ ಬಾವಿಕಟ್ಟೆಯ ಹತ್ತಿರ ಪಾಚಿಗೆ ಕಾಲು ಜಾರಿ ಬಿದ್ದರು. ಅಷ್ಟು ವರ್ಷ ತೂಗುವ ದೋಣಿಯ ಮೇಲೆ ನೆಟ್ಟಗೆ ನಿಂತ ಮನುಷ್ಯ ಮನೆಯಂಗಳದಲ್ಲಿ ಸೊಂಟದ ಹತ್ತಿರ ಎಲುಬು ಮುರಿದುಕೊಂಡರು. ಅವರಿಗೆ ನೋವಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಆಸ್ಪತ್ರೆಗೆ ಸೇರಿಸಿದೆವು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೆಸರು ಹೇಳಿದರೆ ದೂರು ಹೇಳಿದಂತಾಗುತ್ತದೆ, ದೂರು ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಎಲುಬಿಗೆ ರಾಡು ಹಾಕಿದರು. ಮಾವ ಎರಡನೆಯ ದಿನವೇ ಮೀನಿನ ಸಾರು ಬೇಕೆಂದರು.

ನಮ್ಮ ಕಡೆ ಆಸ್ಪತ್ರೆಯಲ್ಲಿದ್ದವರನ್ನು ಕಾಣಲು ಹೋಗುವುದು ಮದುವೆಗೆ ಹೋಗುವುದಕ್ಕಿಂತ ದೊಡ್ಡ ಕರ್ತವ್ಯ. ಮದುವೆಗೆ ಹೋಗದಿದ್ದರೆ ಕ್ಷಮೆ ಉಂಟು, ಇದಕ್ಕೆ ಇಲ್ಲ. ಮಾವನನ್ನು ಕಾಣಲು ಕಾಪುವಿನಿಂದ, ಮಲ್ಪೆಯಿಂದ ಜನ ವ್ಯಾನು ಮಾಡಿಕೊಂಡು ಬಂದರು. ಸೇಬು, ಸೀಯಾಳ, ಹಾರ್ಲಿಕ್ಸ್ ತಂದರು. ಮಂಚದ ಮೇಲೆ ಕುಳಿತರು, ಕಾಲು ಮುಟ್ಟಿ ನೋಡಿದರು, ಬ್ಯಾಂಡೇಜು ಮುಟ್ಟಿ ನೋಡಿದರು, ಮೂತ್ರದ ನಳಿಗೆಯ ಚೀಲವನ್ನೂ ಎತ್ತಿ ನೋಡಿದರು. ಮಂಚದ ಕಾಲ ಬದಿಯಲ್ಲಿ ಕೈಗೆ ಹಚ್ಚುವ ದ್ರವದ ಬಾಟಲಿಯೊಂದು ತೂಗುತ್ತಿತ್ತು. ಬಂದವರೆಲ್ಲ ಕೈಗೆ ಹಾಕಿಕೊಳ್ಳಬೇಕೆಂದು ನರ್ಸಮ್ಮ ಹೇಳಿ ಹೇಳಿ ಸೋತು, ಕೊನೆಗೆ ತಾವೇ ಒಬ್ಬೊಬ್ಬರ ಕೈಗೆ ಹಾಕತೊಡಗಿದರು. ಉದ್ಯಾವರದ ನಮ್ಮ ದೊಡ್ಡಮ್ಮ ಬಲಗೈಯನ್ನು ಬಟ್ಟಲು ಮಾಡಿ ಅದನ್ನು ಭಕ್ತಿಯಿಂದ ಹಿಡಿದು, ಬಾಯಿಯ ಹತ್ತಿರ ಒಯ್ದೇಬಿಟ್ಟರು. ನರ್ಸಮ್ಮ ಕೈ ಹಿಡಿದು ತಡೆದರು. ದೊಡ್ಡಮ್ಮ ಸ್ವಲ್ಪವೂ ಗಲಿಬಿಲಿಯಾಗದೆ ಅದನ್ನು ತಲೆಗೆ ಸವರಿಕೊಂಡು, ಮಾವನ ಹಣೆ ಮುಟ್ಟಿ, ಬೇಗ ಗುಣವಾಗಲಿ ಎಂದರು. ಅವರು ಕೊಟ್ಟರು, ನಾನು ತೆಗೆದುಕೊಂಡೆ, ಅದರಲ್ಲಿ ತಪ್ಪೆಂತ ಎಂದು ಇವತ್ತಿಗೂ ವಾದ ಮಾಡುತ್ತಾರೆ.

ಕೆಲವು ದಿನ ಕಳೆದ ಮೇಲೆ ಮಾವನಿಗೆ ಜ್ವರ ಬಂತು. ಹಲ್ಲು ಕಟಕಟ ಎನ್ನುವಷ್ಟು ಚಳಿ. ಅವರು ಮಾತಾಡುತ್ತಾ ಮಾತಾಡುತ್ತಾ ನಮ್ಮನ್ನು ದೋಣಿಯ ಆಳುಗಳ ಹೆಸರಿನಿಂದ ಕರೆಯತೊಡಗಿದರು. ನಾನು ಶಾಲೆ ಮುಗಿಸಿ ಕಾರ್ಕಳದಿಂದ ಬಸ್ಸು ಹತ್ತಿ, ಹಿರಿಯಡ್ಕ ದಾಟಿ, ಮಣಿಪಾಲ ದಾಟಿ ಬಂದು ನೋಡುವಾಗ ಮಾವನ ಮಂಚವೇ ಇರಲಿಲ್ಲ. ವಿಚಾರಿಸಿದರೆ ಪಕ್ಕದ ಒಂಟಿ ಕೋಣೆಗೆ ಹಾಕಿದ್ದರು. ಬಾಗಿಲಲ್ಲಿ ಹಳದಿ ಬೋರ್ಡು ತೂಗುತ್ತಿತ್ತು. ಒಳಗೆ ಹೋಗುವವರು ನಿಲುವಂಗಿ ಹಾಕಬೇಕು, ಕೈಗೆ ಗ್ಲೌಸು ಹಾಕಬೇಕು, ಹೊರಗೆ ಬರುವಾಗ ಎರಡನ್ನೂ ಅಲ್ಲಿಯೇ ಬಿಟ್ಟು ಕೈ ತೊಳೆಯಬೇಕು. ಮನೆಯವರು ಒಬ್ಬರೇ. ವ್ಯಾನಿನಲ್ಲಿ ಬಂದವರು ಬಾಗಿಲ ಗಾಜಿನಿಂದ ಇಣುಕಿ, ಗುಸುಗುಸು ಮಾಡಿ, ಸೇಬಿನ ಚೀಲವನ್ನು ವಾಚ್‌ಮನ್ ಕೈಯಲ್ಲಿ ಕೊಟ್ಟು ಹೋದರು.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ನಾನು ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವವಳು. ಆ ಒಂದು ಕಾರಣಕ್ಕೆ ನಮ್ಮ ಮನೆಯಲ್ಲಿ ನಾನು ಅರ್ಧ ಡಾಕ್ಟರು. ಎಲ್ಲರೂ ಕೇಳುವುದು ನನ್ನನ್ನೇ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಿಗೆ ಆಂಟಿಬಯಾಟಿಕ್ ಎನ್ನುತ್ತಾರೆ, ವೈದ್ಯರು ಹೇಳಿದಷ್ಟು ದಿನವೂ ತೆಗೆದುಕೊಳ್ಳಬೇಕು. ಇಷ್ಟು ಬರೆದರೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಆದರೆ ಮಾವನ ರಕ್ತದಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ಈಗ ಕೊಡುವ ಯಾವ ಔಷಧಿಗೂ ಸಾಯುವುದಿಲ್ಲವಂತೆ. ಪ್ರಯೋಗಾಲಯದಲ್ಲಿ ಒಂದೊಂದೇ ಔಷಧಿ ಹಾಕಿ ನೋಡಿದ್ದಾರಂತೆ, ಅದು ಎಲ್ಲದರ ನಡುವೆ ಆರಾಮವಾಗಿ ಬೆಳೆದಿದೆಯಂತೆ. ಆಸ್ಪತ್ರೆಗಳಲ್ಲಿ ನಳಿಗೆ ಹಾಕಿದವರಿಗೆ, ಮಲಗಿದಲ್ಲಿಯೇ ಇರುವವರಿಗೆ ಇಂಥದ್ದು ಅಂಟಿಕೊಳ್ಳುವುದುಂಟಂತೆ. ಇದಕ್ಕೆ ನಾನು ಯಾವ ಪಾಠದಿಂದ ಉತ್ತರ ತರಲಿ, ನೀವೇ ಹೇಳಿ.

ಅಮ್ಮನ ಪ್ರಶ್ನೆ ಸರಳವಾಗಿತ್ತು. ಅಣ್ಣ ಬಂದದ್ದು ಎಲುಬು ಮುರಿದು, ಜ್ವರ ಎಲ್ಲಿಂದ ಬಂತು? ಇವರೇ ಕೊಟ್ಟದ್ದಾ? ದೊಡ್ಡಮ್ಮನಿಗೆ ಇದು ಯಾರದೋ ದೃಷ್ಟಿ, ಜೋಯಿಸರಲ್ಲಿ ಕೇಳಿಸಬೇಕು. ದೋಣಿಯವರೊಬ್ಬರು ಕೊರೋನವೇ ಹೆಸರು ಬದಲಿಸಿ ಬಂದಿದೆ ಎಂದರು. ನಾನು ಎಲ್ಲರಿಗೂ ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಸ್ಪಷ್ಟವಿರಲಿಲ್ಲ.

ಮಾವನನ್ನು ನೋಡುತ್ತಿದ್ದ ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ನಿಲುವಂಗಿ, ಮಾಸ್ಕಿನ ನಡುವೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಒಂದು ಹಳೆಯ ಔಷಧಿ ಉಂಟು, ಕಿಡ್ನಿಗೆ ತೊಂದರೆ ಕೊಡುತ್ತದೆಂದು ಬದಿಗಿಟ್ಟದ್ದು, ಈಗ ಅದನ್ನೇ ಕೊಡುತ್ತಿದ್ದೇವೆ ಎಂದರು. ಕೆಲಸ ಮಾಡುತ್ತದಾ ಎಂದು ಕೇಳಿದೆ. ನೋಡುವ ಎಂದರು. ಆ 'ನೋಡುವ' ಎಂಬ ಮಾತನ್ನು ಕೇಳಿ ನಾನು ಕಾರಿಡಾರಿನ ಕುರ್ಚಿಯಲ್ಲಿ ಕುಳಿತು ಅತ್ತೆ. ಮಾವ ಸಾಯುತ್ತಾರೆ ಎಂದು ಮೊದಲ ಸಲ ಅನಿಸಿದ್ದು ಆಗ.

ಮಾವ ಸಾಯಲಿಲ್ಲ. ಜ್ವರ ಇಳಿಯಿತು, ಕಿಡ್ನಿ ಸ್ವಲ್ಪ ಮುನಿಸಿಕೊಂಡು ಮತ್ತೆ ದಾರಿಗೆ ಬಂತು, ಮಾತು ಸರಿಯಾಯಿತು. ಮಾತು ಸರಿಯಾದ ಕೂಡಲೇ ಅವರು ಡಾಕ್ಟರನ್ನು ಹಿಡಿದು ಕೂರಿಸಿ ವಿಚಾರಣೆಗೆ ತೊಡಗಿದರು. ಡಾಕ್ಟರು ಪಾಪ, ಸಮಾಧಾನದಿಂದ ವಿವರಿಸಿದರು. ಔಷಧಿ ಕೊಟ್ಟಾಗ ಸಾಯುವವು ಸಾಯುತ್ತವೆ, ತಡೆದುಕೊಂಡವು ಉಳಿಯುತ್ತವೆ, ಉಳಿದವೇ ಹೆಚ್ಚುತ್ತವೆ. ಮಾವನಿಗೆ ಇದು ತಟ್ಟನೆ ಹಿಡಿಸಿತು. ಬಲೆಯಲ್ಲಿ ಸಿಕ್ಕದ ಮೀನು ಕಡಲಲ್ಲಿ ಉಳಿದ ಹಾಗೆ ಎಂದರು. ಹಾಗಾದರೆ ಇನ್ನೂ ಸಣ್ಣ ಕಣ್ಣಿನ ಬಲೆ ಬಿಟ್ಟರಾಯಿತಲ್ಲ ಎಂದೂ ಸೂಚಿಸಿದರು. ಅದನ್ನೇ ಬಿಟ್ಟದ್ದು, ಅದರಲ್ಲಿ ನಿಮ್ಮ ಕಿಡ್ನಿಯೂ ಸಿಕ್ಕಿಬೀಳುವುದರಲ್ಲಿತ್ತು ಎಂದು ಡಾಕ್ಟರು ನಕ್ಕರು.

ಮಾವ ನಗಲಿಲ್ಲ. ದೋಣಿಯಲ್ಲಿ ತಾವು ಇಟ್ಟುಕೊಳ್ಳುತ್ತಿದ್ದ ತಗಡಿನ ಡಬ್ಬಿಯ ವಿಷಯ ತೆಗೆದರು. ಆ ಡಬ್ಬಿ ನನಗೂ ನೆನಪುಂಟು. ಅದರ ತುಂಬ ಬಣ್ಣಬಣ್ಣದ ಕ್ಯಾಪ್ಸೂಲುಗಳು, ಊರಿನ ಮೆಡಿಕಲಿನಿಂದ ತಂದವು, ಗಲ್ಫಿನಿಂದ ಬಂದವರು ಕೊಟ್ಟವು. ದಡದಿಂದ ಅಷ್ಟು ದೂರದಲ್ಲಿ ಯಾರಿಗಾದರೂ ಗಾಯವಾದರೆ, ಜ್ವರ ಬಂದರೆ ಡಾಕ್ಟರೆಂದರೆ ತಾಂಡೇಲನೇ. ಎರಡು ಕ್ಯಾಪ್ಸೂಲು, ಒಂದು ಲೋಟ ಹಾಲಿಲ್ಲದ ಕಣ್ಣ ಚಹಾ. ಜ್ವರ ಬಿಟ್ಟ ಕೂಡಲೇ ಔಷಧಿಯೂ ಬಂದ್, ಯಾಕೆಂದರೆ ಅದು ಉಷ್ಣ, ಹೆಚ್ಚು ತಿನ್ನಬಾರದು. ಉಳಿದದ್ದು ಮುಂದಿನವನಿಗೆ. ಮಾವ ತಾವೂ ಹಾಗೆಯೇ ನುಂಗಿದವರು. ನಾನು ಸಾಕಿದ್ದೇ ನನ್ನನ್ನು ಹಿಡಿಯಿತಾ ಎಂದು ಡಾಕ್ಟರನ್ನು ಕೇಳಿದರು. ಇರಬಹುದು, ಇಲ್ಲದೆಯೂ ಇರಬಹುದು, ನಿಮ್ಮ ಹೊಟ್ಟೆಯಲ್ಲಿ ಮೊದಲೇ ಇದ್ದೀತು, ಇಲ್ಲಿ ಬಂದ ಮೇಲೆ ಸೇರಿದ್ದೂ ಇದ್ದೀತು, ಹೇಳಲಿಕ್ಕಾಗುವುದಿಲ್ಲ ಎಂದು ಡಾಕ್ಟರು ಉತ್ತರಿಸಿದರು. ಮಾವನ ಮುಖ ನೋಡಿದೆ. ಅಂಗಡಿ ಬಾಗಿಲು ಹಾಕಿತ್ತು ಎಂದು ನಾವು ಹೇಳಿದಾಗಿನ ಅದೇ ಮುಖ.

ಮನೆಗೆ ಕಳಿಸುವ ದಿನ ಡಾಕ್ಟರು ಇನ್ನೊಂದು ಮಾತು ಹೇಳಿದರು. ರೋಗ ಗುಣವಾಗಿದೆ, ಆದರೆ ಆ ಬ್ಯಾಕ್ಟೀರಿಯಾ ಕರುಳಿನಲ್ಲಿ ಸುಮ್ಮನೆ ಕುಳಿತಿದೆ. ಅದರಿಂದ ನಿಮಗೆ ಈಗ ತೊಂದರೆಯಿಲ್ಲ. ಅದಕ್ಕೆ ಔಷಧಿಯೂ ಬೇಡ. ಶೌಚಕ್ಕೆ ಹೋಗಿ ಬಂದ ಮೇಲೆ, ಊಟಕ್ಕೆ ಮೊದಲು ಸೋಪು ಹಾಕಿ ಚೆನ್ನಾಗಿ ಕೈ ತೊಳೆಯಿರಿ, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಇದನ್ನು ತಿಳಿಸಿ, ಉಳಿದಂತೆ ಎಲ್ಲರ ಹಾಗೆ ಇರಿ. ಗುಣವಾಗಿದೆ, ಆದರೆ ಇದೆ. ಇದೆ, ಆದರೆ ತೊಂದರೆಯಿಲ್ಲ. ತೊಂದರೆಯಿಲ್ಲ, ಆದರೆ ಹೇಳಬೇಕು. ನಾನು ವಿಜ್ಞಾನದ ಟೀಚರಾಗಿಯೂ ಮೂರು ಸಲ ಕೇಳಿಸಿಕೊಂಡೆ.

ಮಾವ ಡಾಕ್ಟರಿಗೆ ಊರು ಯಾವುದೆಂದು ಕೇಳಿದರು. ಹಿರಿಯಡ್ಕ ಎಂದರು. ಆಗ ಮಾವ ಕನ್ನಡ ಬಿಟ್ಟು ತುಳುವಿಗೆ ಇಳಿದರು. ಅವರಾಡಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

"ಹಾಗಾದರೆ ನಿಮಗೆ ಗೊತ್ತುಂಟು. ಮಗು ಹುಟ್ಟಿದರೆ ಅಮೆ, ಅದಕ್ಕೊಂದು ದಿನ ಉಂಟು. ಯಾರಾದರೂ ಸತ್ತರೆ ಸೂತಕ, ಅದಕ್ಕೂ ದಿನ ಉಂಟು. ಆ ದಿನ ಮಿಂದರೆ ಮುಗಿಯಿತು. ಇದಕ್ಕೆ ದಿನ ಯಾವುದು ಡಾಕ್ಟ್ರೇ?"

ಡಾಕ್ಟರು ಹೊರಗಿನವರಾಗಿದ್ದರೆ ನಕ್ಕು ಮಾತು ತೇಲಿಸುತ್ತಿದ್ದರೇನೋ. ಇವರಿಗೆ ಮಾವ ಕೇಳಿದ್ದು ಎಂತ ಎಂದು ಪೂರ್ತಿ ಅರ್ಥವಾಗಿತ್ತು.

"ಇದಕ್ಕೆ ದಿನ ಇಲ್ಲ ತಾಂಡೇಲರೇ. ಕೆಲವರಲ್ಲಿ ತಾನಾಗಿಯೇ ಹೋಗುತ್ತದೆ, ಕೆಲವರಲ್ಲಿ ಇರುತ್ತದೆ. ಹೋದದ್ದು ನಮಗೂ ಗೊತ್ತಾಗುವುದಿಲ್ಲ."

ಮನೆಗೆ ಬಂದ ಮಾವ ತಾವೇ ದಿನವಿಲ್ಲದ ಸೂತಕ ಹಿಡಿದರು. ನಮಗೆ ಗೊತ್ತಿದ್ದ ಶುದ್ಧಿಯ ದಾರಿ ಅದೊಂದೇ ತಾನೆ. ತಟ್ಟೆ ಬೇರೆ, ಲೋಟ ಬೇರೆ, ಬಟ್ಟೆ ಒಣಗಿಸುವ ಹಗ್ಗ ಬೇರೆ. ಚಾವಡಿ ಬಿಟ್ಟು ಹೊರಗಿನ ಜಗಲಿಯಲ್ಲಿ ಮಂಚ ಹಾಕಿಸಿಕೊಂಡರು. ವಾಕರ್ ಹಿಡಿದು ನಡೆಯುವ ಮನುಷ್ಯ ದಿನಕ್ಕೆ ಮತ್ತೆ ಮತ್ತೆ ಮೀಯುತ್ತಿದ್ದರು. ಶೀತವಾಯಿತು, ಆದರೂ ಬಿಡಲಿಲ್ಲ. ದೊಡ್ಡಮ್ಮ ಬಂದು ಅರಶಿನದ ನೀರು ಚಿಮುಕಿಸಿ, ಇನ್ನೆಂತ ಇಲ್ಲ, ಒಳಗೆ ಬಾ ಎಂದು ತೀರ್ಪು ಕೊಟ್ಟರು. ಅರಶಿನಕ್ಕೆ ಹೋಗುವುದಾದರೆ ಅಷ್ಟು ದೊಡ್ಡ ಔಷಧಿಗಳಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿ ಮಾವ ಜಗಲಿಯಲ್ಲೇ ಉಳಿದರು. ಡಾಕ್ಟರು ಹೇಳಿದ್ದು ಸೋಪಿನಲ್ಲಿ ಕೈ ತೊಳೆಯಲು ಮಾತ್ರ, ಇಷ್ಟೆಲ್ಲ ಬೇಡ ಎಂದು ನಾನು ಪ್ರತಿ ಆದಿತ್ಯವಾರ ಬಂದು ಭಾಷಣ ಮಾಡುತ್ತಿದ್ದೆ. "ಅಷ್ಟೇ ಸಾಕಾದರೆ ಅವರು ಅಲ್ಲಿ ಯಾಕೆ ಮೈತುಂಬ ಅಂಗಿ ಹಾಕಿದ್ದು?" ಎನ್ನುತ್ತಿದ್ದರು. ಅಲ್ಲಿ ನಿಶ್ಶಕ್ತರು ಹೆಚ್ಚು, ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಮನೆಯಲ್ಲಿ ಹಾಗಲ್ಲ ಎಂದು ಹೇಳುತ್ತಿದ್ದೆ. ಹೇಳುವಾಗ ಸರಿಯೆನಿಸುತ್ತಿತ್ತು. ವಾಪಸು ಬಸ್ಸಿನಲ್ಲಿ ಸಂತೆಕಟ್ಟೆಯವರೆಗೆ ಹೋಗುವ ಪರಿಚಯದವರೊಬ್ಬರು ಸಿಕ್ಕಿ, ನಿಮ್ಮ ಮಾವನಿಗೆ ಎಂತದೋ ಅಂಟುರೋಗವಂತೆ ಎಂದಾಗ, ನಾನು ಅಲ್ಲ ಎಂದು ಜೋರಾಗಿ ಹೇಳಿ, ಉಡುಪಿಯಲ್ಲಿ ಇಳಿಯುವಷ್ಟರಲ್ಲಿ ನನ್ನ ಕೈಯನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಸುಮನಾ ಹೆಣ್ಣು ಮಗುವನ್ನು ಹೆತ್ತು ಕಾಪುವಿನ ಮನೆಗೆ ಬಂದಳು. ಈಗ ಮನೆಯಲ್ಲಿ ಮೈಲಿಗೆಯವರು ಇಬ್ಬರು. ಅಮೆಯ ಬಾಣಂತಿ ಒಳಕೋಣೆಯಲ್ಲಿ, ಮಾವ ಜಗಲಿಯಲ್ಲಿ. ನಡುವೆ ಒಂದು ಗೋಡೆ, ಒಂದು ಕಿಟಕಿ. ಇಬ್ಬರೂ ಅದರಲ್ಲಿ ಮಾತಾಡುತ್ತಿದ್ದರು. ಮಗು ಅತ್ತರೆ ಮಾವ ಹೊರಗಿನಿಂದಲೇ ಬಲೆ ಎಳೆಯುವವರ ಹಾಗೆ ಓ ಬೇಲೆ, ಓ ಬೇಲೆ ಎಂದು ರಾಗ ತೆಗೆಯುತ್ತಿದ್ದರು. ಮಗು ಸುಮ್ಮನಾಗುತ್ತಿತ್ತು. ಸುಮನಾ ತಮಾಷೆಗೆ, ಮಾವ, ನನ್ನದು ನಿಮಗಿಂತ ಮೊದಲು ಮುಗಿಯುತ್ತದೆ ನೋಡಿ ಎಂದಳಂತೆ. ಮಾವ ಹೌದೆಂದು ನಕ್ಕರಂತೆ. ಹೇಳಿದ ಮೇಲೆ ಅವಳೇ ಸಂಜೆ ನನಗೆ ಫೋನು ಮಾಡಿ ಅತ್ತಳು.

ಅಮೆ ಕಳೆಯುವ ದಿನ ಬಂತು. ಮನೆ ತೊಳೆದಾಯಿತು, ಮಡಿವಾಳರ ಮನೆಯಿಂದ ಒಗೆದ ಬಟ್ಟೆ ಬಂತು, ಬಾಣಂತಿ ಮಿಂದಳು. ನಿನ್ನೆಯವರೆಗೆ ಮುಟ್ಟಬಾರದವಳು ಇವತ್ತು ಚಾವಡಿಯಲ್ಲಿ ಎಲ್ಲರ ನಡುವೆ ಕುಳಿತಳು. ಎಷ್ಟು ಸುಲಭ ನೋಡಿ. ಆ ದಿನವೇ ಮಗುವನ್ನು ತೊಟ್ಟಿಲಿಗೆ ಹಾಕುವುದು. ಮಾವ ಮಿಂದು, ಬಿಳಿ ಮುಂಡು ಉಟ್ಟು, ಅಂಗಳದಲ್ಲಿ ಮೆಟ್ಟಿಲ ಕೆಳಗೆ ವಾಕರ್ ಹಿಡಿದು ನಿಂತಿದ್ದರು. ಎಲ್ಲರ ಕಣ್ಣು ನನ್ನ ಮೇಲೆ.

ನಾನು ಹಿಂದಿನ ದಿನವೇ ಡಾಕ್ಟರಿಗೆ ಫೋನು ಮಾಡಿದ್ದೆ. ಮಗು ಆರೋಗ್ಯವಾಗಿದೆ ತಾನೆ, ಕೈ ಚೆನ್ನಾಗಿ ತೊಳೆದು ಎತ್ತಿಕೊಳ್ಳಲಿ, ಏನೂ ತೊಂದರೆಯಿಲ್ಲ ಎಂದಿದ್ದರು. ಅದನ್ನೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅಪಾಯ ಬಹಳ ಕಡಿಮೆ ಎಂದೂ ಸೇರಿಸಿದೆ. ಅದನ್ನು ಸೇರಿಸಬಾರದಿತ್ತು. ದೊಡ್ಡಮ್ಮ, "ಕಡಿಮೆ ಅಂದರೆ ಉಂಟು ಅಂತ ಅಲ್ವಾ?" ಎಂದರು. ವಿಜ್ಞಾನದಲ್ಲಿ ಯಾವುದನ್ನೂ ಸೊನ್ನೆ ಎಂದು ಹೇಳಲಿಕ್ಕಾಗುವುದಿಲ್ಲ ಎಂದು ನಾನು ಶುರು ಮಾಡಿದೆ. ಯಾರಿಗೂ ಕೇಳುವ ತಾಳ್ಮೆ ಇರಲಿಲ್ಲ, ನನಗೂ ಹೇಳುವ ಧೈರ್ಯ ಮುಗಿಯುತ್ತಾ ಬಂದಿತ್ತು. ಸುಮನಾ ಮಾತ್ರ ಮಗುವನ್ನು ಎತ್ತಿಕೊಂಡು ಮೆಟ್ಟಿಲವರೆಗೆ ಬಂದಳು. ತೆಗೆದುಕೊಳ್ಳಿ ಮಾವ ಎಂದಳು.

ಮಾವ ಒಂದು ಹೆಜ್ಜೆ ಹಿಂದೆ ಹೋದರು.

"ಬೇಡ ಮಗಾ. ನಿನ್ನ ಅಕ್ಕ ಹೇಳುವುದು ಸರಿಯೇ ಇರಬಹುದು. ನನಗೆ ಕೈ ಬರುವುದಿಲ್ಲ."

ಅಂಗಿಯ ಕಿಸೆಯಿಂದ ಒಂದು ಸಣ್ಣ ಪೊಟ್ಟಣ ತೆಗೆದರು. ಒಳಗೆ ಸೊಂಟದ ನೂಲು. ಕಪ್ಪು ನೂಲನ್ನು ಕುದಿಯುವ ನೀರಿಗೆ ಹಾಕಿ, ಒಣಗಿಸಿ, ಮೊದಲೇ ಗಂಟು ಹಾಕಿ ತಂದಿದ್ದರು. ಮಗುವಿನ ಸೊಂಟಕ್ಕೆ ಏರಿಸಿ ಎಳೆದರೆ ಸರಿಯಾಗಿ ಕೂರುವ, ಬೆಳೆದ ಹಾಗೆ ಸಡಿಲಿಸಬಹುದಾದ ಜಾರುಗಂಟು. ಮಗುವನ್ನು ಮುಟ್ಟದೆ ಸೋದರಮಾವನ ಕೆಲಸ ಮಾಡುವ ದಾರಿಯನ್ನು ಅವರು ಎಷ್ಟು ದಿನದಿಂದ ಯೋಚಿಸುತ್ತಿದ್ದರೋ. ಸುಮನಾ ನೂಲನ್ನು ಹಾಕಿದಳು. ತೊಟ್ಟಿಲಿಗೆ ಹಾಕಿದ್ದು ನಾನು. ಮಗುವಿಗೆ ಸಾನ್ವಿ ಎಂದು ಹೆಸರಿಟ್ಟೆವು. ಎಲ್ಲರೂ ಪಾಯಸ ಉಂಡೆವು, ಮಾವ ತಮ್ಮ ತಟ್ಟೆಯಲ್ಲಿ ಜಗಲಿಯಲ್ಲಿ ಉಂಡರು. ನಾನು ಮಾಡಿದ್ದು ಸರಿಯೋ, ಒತ್ತಾಯ ಮಾಡಿ ಮಗುವನ್ನು ಅವರ ಕೈಗೆ ಕೊಡಬೇಕಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆಮೇಲೆ ಮಾವ ಒಂದು ಉದ್ಯೋಗ ಹಚ್ಚಿಕೊಂಡರು. ಸ್ಯಾನಿಟೈಸರಿನ ಬಾಟಲಿ ತರಿಸಿ, ಬಲೆಯ ದಾರ ಕಟ್ಟಿ ಜಗಲಿಯ ಕಂಬಕ್ಕೆ ತೂಗಹಾಕಿದರು. ಮನೆಯೊಳಗೆ ಹೋಗುವ ಯಾರನ್ನೂ ಅದು ಹಾಕದೆ ಬಿಡುತ್ತಿರಲಿಲ್ಲ. ಮೀನು ಮಾರುವವಳು ಕೈ ಒಡ್ಡಬೇಕು, ಕರೆಂಟಿನ ಬಿಲ್ಲಿನವನು ಒಡ್ಡಬೇಕು, ದೊಡ್ಡಮ್ಮ ಬಲಗೈ ಬಟ್ಟಲು ಮಾಡಿ ಒಡ್ಡಿ ತಲೆಗೆ ಸವರಿಕೊಳ್ಳಬೇಕು. ಅದು ನಿಮ್ಮಿಂದ ನಮಗೆ ಬರಬಾರದೆಂದೋ, ನಮ್ಮಿಂದ ಮಗುವಿಗೆ ಹೋಗಬಾರದೆಂದೋ ಎಂದು ಒಮ್ಮೆ ಕೇಳಿದೆ. ಎರಡೂ ಎಂದರು. ನಮಗೆಲ್ಲ ಒಂದೊಂದು ಸಣ್ಣ ಬಾಟಲಿಗೂ ದಾರ ಕಟ್ಟಿಕೊಟ್ಟರು. ಸಾನ್ವಿ ಅಂಬೆಗಾಲಿಕ್ಕಿದ್ದು, ಎದ್ದು ನಿಂತದ್ದು, ನಡೆದದ್ದು ಎಲ್ಲ ಇದನ್ನು ನೋಡುತ್ತಾ. ಮಾವ ಅವಳನ್ನು ದೂರದಿಂದಲೇ ಆಡಿಸುತ್ತಿದ್ದರು. ಅವಳು ಹತ್ತಿರ ಬಂದರೆ ವಾಕರನ್ನು ನಡುವೆ ಇಟ್ಟುಕೊಳ್ಳುತ್ತಿದ್ದರು. ಆ ವಾಕರಿನ ಸಂದಿಯಲ್ಲಿ ಅವಳ ಮುಖ, ಈಚೆ ಮಾವನ ಮುಖ. ನಾನು ನೋಡಲಾರದೆ ಒಳಗೆ ಹೋಗುತ್ತಿದ್ದೆ.

ಆಮೇಲೊಮ್ಮೆ ಕಾಲಿನ ತಪಾಸಣೆಗೆ ಹೋದಾಗ ಅದೇ ಡಾಕ್ಟರು ಪುನಃ ಪರೀಕ್ಷೆ ಮಾಡಿಸಿದರು. ಬ್ಯಾಕ್ಟೀರಿಯಾ ಸಿಗಲಿಲ್ಲ. ಹೋಯಿತಾ ಎಂದು ಮಾವ ಕೇಳಿದರು. ಈ ಸಲ ಸಿಗಲಿಲ್ಲ, ಇಲ್ಲವೇ ಇಲ್ಲ ಎನ್ನಲಿಕ್ಕಾಗುವುದಿಲ್ಲ ಎಂದರು ಡಾಕ್ಟರು. ಮಾವ ಕಾರಿನಲ್ಲಿ ವಾಪಸು ಬರುವಾಗ ಉದ್ಯಾವರದ ಸೇತುವೆಯ ಮೇಲೆ ಒಮ್ಮೆಲೇ, "ಹೋಯಿತು ಅಂತಲೇ ಇಟ್ಟುಕೊಳ್ಳುವ, ಅಲ್ವಾ?" ಎಂದರು. ಜೀವಮಾನದಲ್ಲಿ ಮೊದಲ ಸಲ ಅವರು ಗೊತ್ತಿಲ್ಲದೆ ಬಲೆ ಬಿಟ್ಟದ್ದು.

ಮನೆಗೆ ಬಂದವರು ಸೋಪು ಹಾಕಿ ಮೊಣಕೈವರೆಗೆ ತೊಳೆದುಕೊಂಡರು. ಜಗಲಿಯಲ್ಲಿ ವಾಕರನ್ನು ಗೋಡೆಗೆ ಒರಗಿಸಿಟ್ಟು, ಕುರ್ಚಿಯಲ್ಲಿ ಕುಳಿತು, ಎರಡೂ ಕೈ ಚಾಚಿ ಸಾನ್ವಿಯನ್ನು ಕರೆದರು. ಅವಳು ಒಳಗಿನಿಂದ ಓಡಿ ಬಂದು ಅವರ ಮುಂದೆ ನಿಂತಳು. ಅವಳು ಅವರ ಕೈಗೆ ಬರಲಿಲ್ಲ. ಬಲಗೈಯನ್ನು ದೊಡ್ಡಮ್ಮನ ಹಾಗೆಯೇ ಬಟ್ಟಲು ಮಾಡಿ, ಅದರ ಕೆಳಗೆ ಎಡಗೈ ಇಟ್ಟು, ಅವರ ಮುಂದೆ ಒಡ್ಡಿದಳು. ಅವಳು ಕಂಡ ಅಜ್ಜ ಅಷ್ಟೇ. ಮುಂದೆ ನಿಂತರೆ ಕೈಗೆ ಹಾಕುವವರು.

ಮಾವನ ಚಾಚಿದ ಕೈಗಳು ಹಾಗೆಯೇ ನಿಂತವು. ಮತ್ತೆ ಕಂಬದ ಬಾಟಲಿಯನ್ನು ಬಗ್ಗಿಸಿ ಒಂದು ಹನಿ ಅವಳ ಅಂಗೈಗೆ ಹಾಕಿದರು. ಅವಳು ಎರಡೂ ಕೈ ಉಜ್ಜಿಕೊಂಡು, ಉಳಿದದ್ದನ್ನು ತಲೆಗೆ ಸವರಿ, ಆಮೇಲೆ ಎತ್ತಿಕೋ ಎಂದು ಎರಡೂ ತೋಳು ಮೇಲೆತ್ತಿದಳು. ಮಾವ ಎತ್ತಿಕೊಂಡರು. ಕಾಲು ನೋಯುತ್ತದೆಂದು ಅಮ್ಮ ಹೇಳಿದರೂ ಇಳಿಸಲಿಲ್ಲ.

ಮಾವ ಹೋದ ವರ್ಷ ತೀರಿಕೊಂಡರು. ಬ್ಯಾಕ್ಟೀರಿಯಾದಿಂದಲ್ಲ. ಊಟ ಮಾಡಿ ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು, ಹೃದಯ ನಿಂತಿತು. ಸೂತಕ ಹಿಡಿದೆವು. ಅದಕ್ಕೆ ದಿನವಿತ್ತು, ಆ ದಿನ ಬಂತು, ಎಲ್ಲರೂ ಮಿಂದೆವು, ಮನೆ ತೊಳೆದೆವು. ಎಲ್ಲ ಮುಗಿದ ಮೇಲೆ ಅಮ್ಮ ಒದ್ದೆ ನೆಲದಲ್ಲಿ ನಿಂತು ನನ್ನನ್ನು ಕೇಳಿದರು, "ಅದು ಅವನೊಟ್ಟಿಗೆ ಹೋಯಿತಾ, ಅಲ್ಲ ನಮ್ಮಲ್ಲಿ ಎಲ್ಲಿಯಾದರೂ ಉಂಟಾ?" ಅಷ್ಟು ವರ್ಷ ಎಲ್ಲರಿಗೂ ತಲೆಯಾಡಿಸುತ್ತಾ ಬಂದವಳು ಆ ದಿನ ಗೊತ್ತಿಲ್ಲಮ್ಮ ಎಂದೆ. ಅಮ್ಮ ಬೈಯಲಿಲ್ಲ. ಕಂಬದಲ್ಲಿ ತೂಗುತ್ತಿದ್ದ ಬಾಟಲಿಯನ್ನು ಬಿಚ್ಚಿ ಎಸೆಯಲು ನೋಡಿದರು, ಗಂಟು ಬಿಡಲಿಲ್ಲ. ಹಾಗೆಯೇ ಬಿಟ್ಟರು.

ನಾಳೆ ಎಂಟನೇ ತರಗತಿಗೆ ಮತ್ತೆ ಅದೇ ಪಾಠ. ಈ ಸಲ ಪುಸ್ತಕದ ಎರಡು ವಾಕ್ಯ ಹೇಳಿದ ಮೇಲೆ ದೋಣಿಯ ತಗಡಿನ ಡಬ್ಬಿಯ ಕಥೆಯನ್ನೂ ಹೇಳಬೇಕೆಂದಿದ್ದೇನೆ. ಮಕ್ಕಳು ಮುಂದೆ ಕೇಳುವುದಕ್ಕೆ ನನ್ನಲ್ಲಿ ಉತ್ತರ ಇಲ್ಲದಿದ್ದರೆ ಇಲ್ಲವೆಂದೇ ಹೇಳುತ್ತೇನೆ. ಹಿಂದಿ ಟೀಚರಿಗೂ ಅಷ್ಟೇ ಹೇಳಬಹುದಿತ್ತೋ ಏನೋ. ಆ ಸಂಜೆ ಮನೆಗೆ ಹೋಗುವಾಗ ಕಾರ್ಕಳ ಪೇಟೆಯ ಮೆಡಿಕಲಿನಲ್ಲಿ ನಿಂತು, ಚೆಲ್ಲಿಹೋದ ಆ ಸಣ್ಣ ಬಾಟಲಿಯನ್ನು ಪುನಃ ತುಂಬಿಸಲು ಒಂದು ದೊಡ್ಡ ಬಾಟಲಿ ಕೊಂಡೆ. ಆದಿತ್ಯವಾರ ಕಾಪುವಿಗೆ ಹೋಗಬೇಕು. ಸಾನ್ವಿ ಈಗ ಶಾಲೆಗೆ ಹೋಗುತ್ತಾಳೆ, ಜೋರಾಗಿದ್ದಾಳೆ. ಆದರೂ ನಾನು ಮೆಟ್ಟಿಲು ಹತ್ತುವುದನ್ನು ಕಂಡರೆ ಓಡಿ ಬಂದು, ಮೊದಲು ಬಲಗೈ ಬಟ್ಟಲು ಮಾಡಿ ನಿಲ್ಲುತ್ತಾಳೆ. ಅದು ಹಾಕಿದ ಮೇಲೆಯೇ ಅವಳು ಅಪ್ಪಿಕೊಳ್ಳುವುದು.